ದೊಡ್ಡಕ್ಷರದ ಚೈತ್ರ, ಸಣ್ಣಕ್ಷರದ ಚೈತ್ರ

ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವ ಲ್ಯಾಂಗ್ವೇಜ್ ಕಲಿಯಬೇಕು ಮೇಡಂ? ಮೊದಲು ಕನ್ನಡ ಕಲಿಯಿರಿ ಎಂದರೆ ಕಿಸಕ್ಕನೆ ನಗುತ್ತಾರೆ. ನಾನು ತಮಾಷೆಗೆ ಹೇಳುವುದಲ್ಲ. ಫೋನಿನ ಆ ಕಡೆ ಇರುವವರು ಏನು ಹೇಳುತ್ತಿದ್ದಾರೆ ಎಂದು ಪೂರ್ತಿ ಕೇಳಿಸಿಕೊಳ್ಳದೆ ಕೀಬೋರ್ಡಿಗೆ ಕೈ ಹಾಕಿದವರನ್ನು ಬಹಳ ನೋಡಿದ್ದೇನೆ. ಆಮೇಲೆ ಅವರು ಬರೆದದ್ದನ್ನು ಸರಿ ಮಾಡುತ್ತಾ ಕೂತವಳೂ ನಾನೇ.

ಆರ್.ಟಿ. ನಗರದ ಒಂದು ಸಣ್ಣ ಕಂಪನಿಗೆ 2008ರಲ್ಲಿ ಸೇರಿ 2019ರಲ್ಲಿ ನಿವೃತ್ತಳಾದೆ. ಕೆಳಗೆ ಬೇಕರಿ, ಮೇಲೆ ನಾವು. ಮಧ್ಯಾಹ್ನ ಬಿಸಿ ಖಾರಾ ಬನ್ನಿನ ವಾಸನೆ ಮೇಲೆ ಬಂದರೆ ಸಾಕು, ಇಡೀ ಆಫೀಸಿನ ಕೈ ನಿಲ್ಲುತ್ತಿತ್ತು. ಅದಕ್ಕೂ ಮೊದಲು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿದ್ದೆ, ಅದು ಬಾಗಿಲು ಹಾಕಿಕೊಂಡಿತು. ನಲವತ್ತು ದಾಟಿದ ಹೆಂಗಸು ಡೇಟಾ ಎಂಟ್ರಿಗೆಂದು ಬಂದು, ಬರಬರುತ್ತಾ ಡೇಟಾಬೇಸ್ ನೋಡಿಕೊಳ್ಳುವವಳಾದೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬ ಪುರಾಣ ಬೇಡ. ಶೆಟ್ಟಿಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದೆ, ಮಧ್ಯಾಹ್ನದ ಡಬ್ಬಿಯಲ್ಲಿ ಚಿತ್ರಾನ್ನ ಇದ್ದ ದಿನ ಅರ್ಧ ಡಬ್ಬಿ ನನ್ನದಾಗಿರುತ್ತಿರಲಿಲ್ಲ. ಅಷ್ಟು ಗೊತ್ತಿದ್ದರೆ ಸಾಕು.

ಕಂಪನಿಯ ಯಜಮಾನರು ನಟರಾಜ್ ಸರ್. ಒಳ್ಳೆಯ ಮನುಷ್ಯ. ಆದರೆ ಯಾರನ್ನಾದರೂ ಹೊಗಳಬೇಕೆಂದರೆ ಜ್ವರ ಬಂದವರ ಹಾಗೆ ಆಗುತ್ತಿದ್ದರು. ಡೇಟಾಬೇಸಿನಲ್ಲಿ ಏನಾದರೂ ಬದಲಾಯಿಸೋಣ ಎಂದರೆ ಸಾಕು, "ಓಡ್ತಿರೋ ಗಾಡಿ ಬಾನೆಟ್ ಎತ್ಬೇಡಿ ವಿಮಲಾ ಅವ್ರೇ" ಎನ್ನುತ್ತಿದ್ದರು. ನಿಂತುಹೋದ ಮೇಲೆ ಎತ್ತಿ ಪ್ರಯೋಜನವೇನು ಸರ್ ಎಂದು ನಾನು ಗೊಣಗುತ್ತಿದ್ದೆ. ಹೀಗೆ ಜಗಳವಾಡಿಕೊಂಡೇ ನಾವಿಬ್ಬರೂ ಚೆನ್ನಾಗಿದ್ದೆವು.

ಯಶವಂತಪುರದ ಒಂದು ಟ್ರಸ್ಟಿಗೆ ನಾವು ವೆಬ್‌ಸೈಟ್ ಮಾಡಿಕೊಟ್ಟಿದ್ದೆವು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆಯಲು ಜನರನ್ನು ಹುಡುಕಿಕೊಡುವುದು ಆ ಟ್ರಸ್ಟಿನ ಕೆಲಸ. ವಿದ್ಯಾರ್ಥಿ ಉತ್ತರ ಹೇಳುತ್ತಾ ಹೋಗಬೇಕು, ಪಕ್ಕದಲ್ಲಿ ಕೂತವರು ಬರೆಯುತ್ತಾ ಹೋಗಬೇಕು. ಬರೆಯುವವರನ್ನು ಎಲ್ಲರೂ ಸ್ಕ್ರೈಬ್ ಎನ್ನುತ್ತಿದ್ದರು. ವಿದ್ಯಾರ್ಥಿಗಳು ತಮ್ಮ ಇಮೇಲ್ ವಿಳಾಸದಿಂದ ಒಳಗೆ ಹೋಗಿ, ಇಂಥ ದಿನ ಇಂಥ ಪರೀಕ್ಷೆ ಎಂದು ಕೋರಿಕೆ ಹಾಕಿದರೆ, ಟ್ರಸ್ಟಿನವರು ಯಾರನ್ನಾದರೂ ಗೊತ್ತು ಮಾಡುತ್ತಿದ್ದರು.

ಟ್ರಸ್ಟಿನ ಆಫೀಸಿನಲ್ಲಿ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಗಂಗಾಧರಯ್ಯ. ಅವರ ಕಂಪ್ಯೂಟರಿನಲ್ಲಿ ಕ್ಯಾಪ್ಸ್ ಲಾಕ್ ದೀಪ ಆರಿದ್ದನ್ನು ನಾನು ಕಂಡೇ ಇಲ್ಲ. ನೋಂದಾಯಿಸುವ ಮಕ್ಕಳ ಹೆಸರು, ಊರು, ಕಾಲೇಜು, ಕೊನೆಗೆ ಇಮೇಲ್ ವಿಳಾಸವೂ ಇಂಗ್ಲಿಷಿನ ದೊಡ್ಡಕ್ಷರದಲ್ಲೇ. ಸಣ್ಣಕ್ಷರದಲ್ಲಿ ಹಾಕಿದರಾಗದೇ ಎಂದು ಒಮ್ಮೆ ಕೇಳಿದ್ದಕ್ಕೆ, "ಅಪ್ಲಿಕೇಶನ್ ಅಂದ್ಮೇಲೆ ಕ್ಯಾಪಿಟಲ್ ಲೆಟರಲ್ಲೇ ತುಂಬ್ಬೇಕಲ್ವೇನಮ್ಮಾ, ಆಫೀಸಲ್ಲಿ ವಾಪಸ್ ಕಳಿಸ್ಬಿಡ್ತಾರೆ" ಎಂದಿದ್ದರು. ಅವರನ್ನು ಬೈದು ಏನು ಮಾಡುವುದು? ಬ್ಯಾಂಕು, ರೇಷನ್ ಆಫೀಸು, ಶಾಲೆ, ಎಲ್ಲ ಕಡೆ ನಮ್ಮನ್ನು ಹಾಗೇ ಬೆಳೆಸಿದ್ದಾರೆ. ನಮ್ಮ ಕನ್ನಡದಲ್ಲಾದರೋ ದೊಡ್ಡಕ್ಷರ ಸಣ್ಣಕ್ಷರ ಎಂಬ ತಂಟೆಯೇ ಇಲ್ಲ. ಹಳೆಯ ಡೇಟಾಬೇಸಿಗೂ ಆ ತಂಟೆ ಇರಲಿಲ್ಲ. ಅವರು ದೊಡ್ಡದಾಗಿ ತುಂಬಿದ್ದನ್ನು ಮಕ್ಕಳು ಸಣ್ಣದಾಗಿ ಟೈಪ್ ಮಾಡಿದರೂ, ಇಬ್ಬರೂ ಒಬ್ಬರೇ ಎಂದು ತಿಳಿದುಕೊಂಡು ಬಾಗಿಲು ತೆರೆಯುತ್ತಿತ್ತು. ಅದು ನಮಗಾಗಿ ಅಂಥ ಉಪಕಾರ ಮಾಡುತ್ತಿದೆ ಎಂಬುದೇ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ವೆಬ್‌ಸೈಟನ್ನು ಹೊಸ ಫ್ರೇಮ್‌ವರ್ಕಿಗೆ ಬದಲಾಯಿಸಿದ ಮೇಲೆ. ಫ್ರೇಮ್‌ವರ್ಕ್ ಎಂದರೆ ಲಾಗಿನ್, ಪುಟ, ಹುಡುಕಾಟ ಎಲ್ಲವೂ ಅರ್ಧ ಸಿದ್ಧವಾಗಿ ಸಿಗುವ ಚೌಕಟ್ಟು, ಮಿಕ್ಕಿದ್ದನ್ನು ನಾವು ತುಂಬಿಕೊಳ್ಳಬೇಕು. ಅದರ ಜೊತೆಗೆ ಹೊಸ ಡೇಟಾಬೇಸೂ ಬಂತು. ಅದು ಮಹಾ ಮಡಿವಂತ. ದೊಡ್ಡ ಸಿ ಬೇರೆ, ಸಣ್ಣ ಸಿ ಬೇರೆ. ಒಂದಕ್ಕೊಂದು ಮುಟ್ಟಿಸಿಕೊಳ್ಳುವ ಹಾಗಿಲ್ಲ. ನಾವು ನಮ್ಮ ಆಫೀಸಿನಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡಿಯೇ ಬಿಟ್ಟಿದ್ದೆವು. ಆದರೆ ಪರೀಕ್ಷೆಗೆಂದು ನಾವು ತುಂಬಿದ ವಿಳಾಸಗಳೆಲ್ಲ ಸಣ್ಣಕ್ಷರದವು, ಗಂಗಾಧರಯ್ಯ ನಮ್ಮ ಪಕ್ಕದಲ್ಲಿ ಕೂತಿರಲಿಲ್ಲವಲ್ಲ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಫೋನ್ ಬಂತು. ನಾನು ಎತ್ತಿದೆ. ಹುಡುಗಿಯ ದನಿ. ಹೆಸರು ಚೈತ್ರ, ರಾಜಾನುಕುಂಟೆ, ಬಿ.ಎ. ಓದುತ್ತಿರುವವಳು.

"ಅಕ್ಕ, ನಂಗೆ ಸ್ಕ್ರೈಬ್ ಯಾರು ಅಂತ ಇನ್ನೂ ಬಂದಿಲ್ಲ. ನಾಡಿದ್ದು ಪರೀಕ್ಷೆ. ಟ್ರಸ್ಟ್‌ನೋರು ನಿನ್ನ ಕೋರಿಕೇನೇ ಕಾಣ್ತಿಲ್ಲ, ಕಂಪ್ಯೂಟರ್ನೋರ್ನ ಕೇಳು ಅಂತ ಈ ನಂಬರ್ ಕೊಟ್ರು."

"ಕೋರಿಕೆ ಹಾಕಿದ್ಯೇನಮ್ಮ?"

"ಆಕಿದೀನಿ ಅಕ್ಕ. ವೆಬ್‌ಸೈಟು ಇದ್ಕಿದ್ದಂಗೆ ನಿಮ್ಮ ಅಕೌಂಟೇ ಇಲ್ಲ ಅಂತು. ಓಗ್ಲಿ ಅಂತ ಇನ್ನೊಂದ್ಸಲ ಎಸ್ರು ಬರ್ಸಿ ಆಕ್ದೆ."

ನನ್ನ ಹೆಸರು ವಿಮಲಾ, ನೋಡುತ್ತೇನೆ ಎಂದೆ. ಆಗ ಅವಳು ಹೇಳಿದಳು: "ಓದ್ ವರ್ಷ ಬರ್ಯೋರು ಬರ್ಲೇ ಇಲ್ಲ ಅಕ್ಕ. ಬೆಲ್ ಒಡೆಯೋಗಂಟ ಕಾಲೇಜ್ ಗೇಟಲ್ಲಿ ನಿಂತ್ಕಂಡಿದ್ದೆ. ಅದೊಂದೇ ಪೇಪರ್ ಉಳ್ಕಂಡಿರೋದು. ಇನ್ನೊಂದ್ಸಲ ಗೇಟಲ್ಲಿ ನಿಲ್ಲಕ್ಕಾಗಲ್ಲ ನನ್ ಕೈಲಿ."

ಫೋನ್ ಇಟ್ಟ ಮೇಲೂ ಆ ಮಾತು ಕಿವಿಯಲ್ಲೇ ಕೂತಿತ್ತು. ಡೇಟಾಬೇಸ್ ತೆಗೆದು ನೋಡಿದರೆ ಇಬ್ಬರು ಚೈತ್ರರು. ಒಬ್ಬಳು ಗಂಗಾಧರಯ್ಯನವರ ದೊಡ್ಡಕ್ಷರದ ಚೈತ್ರ. ಅವಳಿಗೆ ವೈದ್ಯರ ಪ್ರಮಾಣಪತ್ರ, ಕಾಲೇಜಿನ ಒಪ್ಪಿಗೆ ಎಲ್ಲ ಇದೆ, ಪರೀಕ್ಷೆಯ ಕೋರಿಕೆ ಮಾತ್ರ ಇಲ್ಲ. ಇನ್ನೊಬ್ಬಳು ತಾನೇ ಹೆಸರು ಬರೆಸಿದ ಸಣ್ಣಕ್ಷರದ ಚೈತ್ರ. ಅವಳಿಗೆ ಕೋರಿಕೆ ಇದೆ, ಪ್ರಮಾಣಪತ್ರ ಇಲ್ಲ. ಪ್ರಮಾಣಪತ್ರ ಇಲ್ಲದವರ ಕೋರಿಕೆ ಟ್ರಸ್ಟಿನ ಪರದೆಗೆ ಹೋಗುವುದೇ ಇಲ್ಲ, ಹಾಗೆಂದು ನಿಯಮ ಮಾಡಿಕೊಂಡವರು ನಾವೇ. ಇವಳ ಹಾಗೆ ಇನ್ನೂ ಎಷ್ಟೋ ಮಕ್ಕಳು ಎರಡೆರಡಾಗಿ ಕೂತಿದ್ದರು. ಕಣ್ಣಿರುವವರಾದರೆ ಎಲ್ಲೋ ದೊಡ್ಡಕ್ಷರ ಬಿದ್ದಿದೆ ಎಂದು ಊಹಿಸುತ್ತಿದ್ದರೋ ಏನೋ. ಈ ಮಕ್ಕಳಿಗೆ ಕಂಪ್ಯೂಟರು ಓದಿ ಹೇಳುತ್ತದೆ, ಅವರು ಕೇಳಿಸಿಕೊಳ್ಳುತ್ತಾರೆ, ಕಿವಿಗೆ ಎರಡೂ ಅದೇ ಅಕ್ಷರ.

ಆ ವೆಬ್‌ಸೈಟಿನ ಕೋಡ್ ನೋಡಿಕೊಳ್ಳುತ್ತಿದ್ದವಳು ಫರ್ಹಾನಾ. ಕಂಪನಿಗೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ಬಲು ಚುರುಕು. "ಮೇಡಂ, ಸಿಂಪಲ್. ಲಾಗಿನ್ ಟೈಮಲ್ಲಿ ಎರಡನ್ನೂ ಸಣ್ಣಕ್ಷರ ಮಾಡಿ ಕಂಪೇರ್ ಮಾಡಿದ್ರಾಯ್ತು" ಎಂದಳು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮಾಡಿಯೂ ಬಿಟ್ಟಳು. ಈಗ ಇನ್ನೊಂದು ಪೀಕಲಾಟ. ಒಬ್ಬರನ್ನು ಹುಡುಕಿದರೆ ಇಬ್ಬರು ಸಿಗುತ್ತಾರೆ, ಯಾರನ್ನು ಒಳಗೆ ಬಿಡುವುದೆಂದು ತಿಳಿಯದೆ ಫ್ರೇಮ್‌ವರ್ಕ್ ಕೈ ಚೆಲ್ಲಿ ದೋಷದ ಪುಟ ತೋರಿಸಿತು. ಮೊದಲು ತಪ್ಪು ಬಾಗಿಲಿಗಾದರೂ ಹೋಗುತ್ತಿದ್ದ ಮಕ್ಕಳಿಗೆ ಈಗ ಬಾಗಿಲೇ ಇಲ್ಲ. ಫರ್ಹಾನಾಳ ಮುಖ ಚಿಕ್ಕದಾಯಿತು. "ಬಿಡು ಮಗಳೇ, ಮೊದಲ ತೇಪೆ ಯಾವಾಗ್ಲೂ ಕಿತ್ಕೊಂಡೇ ಬರತ್ತೆ" ಎಂದು ಬೆನ್ನು ತಟ್ಟಿದೆ.

ಹೊಸಬರು ಇದೊಂದು ಕೇಳಿಸಿಕೊಳ್ಳಿ. ಲಾಗಿನ್ ಪುಟದಲ್ಲಿ ಸರಿ ಮಾಡಿದರೆ ಹುಡುಕಾಟದ ಪುಟದಲ್ಲಿ ತಪ್ಪು ಉಳಿಯುತ್ತದೆ, ಅಲ್ಲೂ ಮಾಡಿದರೆ ಪಾಸ್‌ವರ್ಡ್ ಮರೆತವರ ಪುಟದಲ್ಲಿ ಉಳಿಯುತ್ತದೆ. ಒಂದೊಂದು ಬಾಗಿಲಿಗೂ ಕಾವಲು ಹಾಕುತ್ತಾ ಹೋಗಬೇಡಿ. ಇಮೇಲ್ ಇಡುವ ಆ ಕಾಲಂ ಇದೆಯಲ್ಲ, ಅದನ್ನೇ ದೊಡ್ಡದು ಸಣ್ಣದು ಭೇದ ಎಣಿಸದ ಬಗೆಗೆ ಬದಲಾಯಿಸಿ. ಜನ ಹೇಗೆ ಬರೆದಿದ್ದಾರೋ ಹಾಗೇ ಉಳಿಯಲಿ, ಅವರ ಹೆಸರನ್ನು ತಿದ್ದಲು ನಾವು ಯಾರು? ಹೋಲಿಸುವಾಗ ಮಾತ್ರ ಒಂದೇ ಎಂದುಕೊಳ್ಳಲಿ. ಆದರೆ ಒಂದೇ ವಿಳಾಸ ಎರಡು ಸಲ ಇದ್ದರೆ ಆ ಬದಲಾವಣೆಯನ್ನು ಡೇಟಾಬೇಸ್ ಒಪ್ಪುವುದಿಲ್ಲ. ಮೊದಲು ಇಬ್ಬರನ್ನು ಒಬ್ಬರನ್ನಾಗಿ ಮಾಡಬೇಕು. ಅದು ಕೋಡಿನ ಕೆಲಸ ಅಲ್ಲ, ಮನುಷ್ಯರ ಕೆಲಸ.

ಇದನ್ನೇ ನಟರಾಜ್ ಸರ್‌ಗೆ ವಿವರಿಸುತ್ತಾ ನಿಂತಿದ್ದಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ತೆಳ್ಳಗಿನ ಹುಡುಗಿ, ಹೆಗಲಲ್ಲಿ ಕಾಲೇಜಿನ ಚೀಲ. "ವಿಮಲಕ್ಕ ಅನ್ನೋರು ಇಲ್ಲೇನಾ?"

ಚೈತ್ರ. ಟ್ರಸ್ಟಿನವರಿಂದ ವಿಳಾಸ ತಿಳಿದುಕೊಂಡು, ರಾಜಾನುಕುಂಟೆಯಿಂದ ಒಬ್ಬಳೇ ಬಸ್ಸು ಹತ್ತಿ, ಯಲಹಂಕದಲ್ಲಿ ಇಳಿದು ಇನ್ನೊಂದು ಹಿಡಿದು, ಕೆಳಗೆ ಬೇಕರಿಯವನನ್ನು ಕೇಳಿಕೊಂಡು ಬಂದಿದ್ದಳು. ಯಾಕಮ್ಮ ಇಷ್ಟು ದೂರ, ಇನ್ನೊಂದು ಸಲ ಫೋನ್ ಮಾಡಿದ್ದರೆ ಸಾಕಿತ್ತಲ್ಲ ಎಂದೆ.

"ಫೋನಲ್ ಏಳಿದ್ರೆ ನಾಳೆ ಅಂತೀರ ಅಕ್ಕ. ಎದುರ್ಗೆ ಕುಂತ್ರೆ ಇವತ್ತೇ ಮಾಡ್ತೀರ."

ಫರ್ಹಾನಾ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಕುರ್ಚಿ ಎಳೆದು ಕೂರಿಸಿ, ಒಂದು ಖಾರಾ ಬನ್ ತರಿಸಿ ಕೈಯಲ್ಲಿಟ್ಟೆ. ನಟರಾಜ್ ಸರ್ ಇದೊಂದನ್ನೂ ಗಮನಿಸಲಿಲ್ಲ, ಅವರ ತಲೆಯೆಲ್ಲ ಪರದೆಯ ಮೇಲಿತ್ತು. "ಇಷ್ಟಕ್ಕೆ ಅಷ್ಟೊಂದ್ ಯಾಕ್ರೀ? ಹಳೇ ಅಕೌಂಟ್‌ಗಳಲ್ಲಿ ಸರ್ಟಿಫಿಕೇಟ್ ಇದೆ, ಅದನ್ನ ಇಟ್ಕೊಳಿ. ಹೊಸದನ್ನೆಲ್ಲ ಡಿಲೀಟ್ ಹೊಡೀರಿ. ಹುಡುಗ್ರು ಇನ್ನೊಂದ್ಸಲ ಕೋರಿಕೆ ಹಾಕ್ಕೋತಾರೆ."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಯಾವಾಗ ಹಾಕ್ಕೋತಾರೆ ಸರ್? ನಾಡಿದ್ದು ಪರೀಕ್ಷೆ. ಅವರ ಕೋರಿಕೆ ಇರೋದೇ ಹೊಸದರಲ್ಲಿ. ನೀವು ಡಿಲೀಟ್ ಹೊಡೀಬೇಕು ಅಂತಿರೋದು ಯಾರನ್ನ ಗೊತ್ತಾ? ಅಗೋ, ಅಲ್ಲಿ ಕೂತು ಬನ್ ತಿಂತಿದಾಳಲ್ಲ, ಅವಳನ್ನ."

ಸರ್ ತಿರುಗಿ ನೋಡಿದರು. ಚೈತ್ರ ಬನ್ ಕೆಳಗಿಟ್ಟು ಎದ್ದು ನಿಂತು, ದನಿ ಬಂದ ಕಡೆಗೆ ಕೈ ಮುಗಿದಳು. "ನಮಸ್ಕಾರ ಸಾರ್. ಡಿಲೀಟ್ ಮಾಡ್ಬೇಡಿ ಸಾರ್."

ಪಾಪ, ಆ ಮನುಷ್ಯ ಎಷ್ಟು ನಾಚಿಕೊಂಡರೆಂದರೆ, "ಕೂತ್ಕೊಳಮ್ಮ, ಕೂತ್ಕೊ, ಬನ್ ತಿನ್ನು" ಎಂದು ಮೂಲೆಯಲ್ಲಿದ್ದ ಫ್ಯಾನನ್ನು ತಾವೇ ಎಳೆದುಕೊಂಡು ಬಂದು ಅವಳ ಕಡೆಗೆ ತಿರುಗಿಸಿದರು. ಆಮೇಲೆ ನನಗೆ ಮೆಲ್ಲಗೆ, "ಬಾನೆಟ್ ಎತ್ತಿ ವಿಮಲಾ ಅವ್ರೇ" ಎಂದರು.

ಮಧ್ಯಾಹ್ನವೆಲ್ಲ ಫೋನಿನಲ್ಲೇ ಕಳೆಯಿತು. ಒಂದೊಂದು ಜೋಡಿಗೂ ಆ ಮಕ್ಕಳಿಗೇ ಫೋನ್ ಮಾಡಿ, ಎರಡೂ ನಿನ್ನದೇ ತಾನೇ, ಯಾವ ಪರೀಕ್ಷೆ, ಯಾವ ದಿನ ಎಂದು ಕೇಳಿ ಖಚಿತ ಮಾಡಿಕೊಂಡೆವು. ಹೊಸದರ ಕೋರಿಕೆಯನ್ನು ಹಳೆಯದಕ್ಕೆ ಸೇರಿಸಿ, ಆಮೇಲಷ್ಟೇ ಹೊಸದನ್ನು ತೆಗೆದೆವು. ಆ ಮಕ್ಕಳಲ್ಲಿ ಬಹಳ ಜನ ತಮ್ಮದೇ ಏನೋ ತಪ್ಪು ಎಂದುಕೊಂಡಿದ್ದರು. ಒಬ್ಬ ಹುಡುಗ, "ಸಾರಿ ಮೇಡಂ, ನಾನು ಸರಿಯಾಗಿ ಟೈಪ್ ಮಾಡಿರ್ಲಿಲ್ಲ ಅನ್ಸತ್ತೆ" ಎಂದ. ನೀನು ಸರಿಯಾಗೇ ಮಾಡಿದ್ದೀಯಪ್ಪ ಎಂದೆ. ಒಬ್ಬೊಬ್ಬರಿಗೂ ಅದನ್ನು ಬಾಯಿಬಿಟ್ಟು ಹೇಳುವಂತೆ ಫರ್ಹಾನಾಳಿಗೂ ಹೇಳಿದೆ.

ಜೋಡಿಗಳೆಲ್ಲ ಒಂದಾದ ಮೇಲೆ ಕಾಲಂ ಬದಲಾವಣೆಯನ್ನು ಓಡಿಸಿದೆವು. ಡೇಟಾಬೇಸ್ ಚಕಾರವೆತ್ತದೆ ಒಪ್ಪಿಕೊಂಡಿತು. ಚೈತ್ರ ನನ್ನ ಕಂಪ್ಯೂಟರಿನಲ್ಲೇ ಕೂತು, ಮೊದಲು ಸಣ್ಣಕ್ಷರ, ಆಮೇಲೆ ಫರ್ಹಾನಾಳಿಂದ ಕ್ಯಾಪ್ಸ್ ಲಾಕ್ ಒತ್ತಿಸಿಕೊಂಡು ದೊಡ್ಡಕ್ಷರ, ಎರಡರಲ್ಲೂ ಒಳಗೆ ಹೋಗಿ ನೋಡಿದಳು. "ಇವಾಗ ನಾನು ಒಬ್ಳೇ ಅಲ್ವಾ ಅಕ್ಕ?" ಎಂದು ಕೇಳಿದಳು. ಒಬ್ಬಳೇ ಸಾಕು ತಾಯಿ, ಇಬ್ಬರನ್ನು ತಡೆದುಕೊಳ್ಳುವ ಶಕ್ತಿ ನಮಗಿಲ್ಲ ಎಂದೆ. ಎಲ್ಲರೂ ನಕ್ಕೆವು.

ನಗು ಬಹಳ ಹೊತ್ತು ಉಳಿಯಲಿಲ್ಲ. ಗಂಗಾಧರಯ್ಯನವರ ಫೋನ್ ಬಂತು. "ಎಲ್ಲ ಕೋರಿಕೆನೂ ಕಾಣ್ತಿದೆ ಅಮ್ಮಾ. ಇರೋ ಜನಾನೆಲ್ಲ ಹಂಚ್ಬಿಟ್ಟೆ. ರಾಜಾನುಕುಂಟೆ ಹುಡುಗಿಗೆ ಮಾತ್ರ ಯಾರೂ ಸಿಗ್ತಿಲ್ಲ. ಇಷ್ಟು ಹತ್ರಕ್ಕೆ ಬಂದು ಕೇಳಿದ್ರೆ ಎಲ್ಲಿಂದ ತರ್ಲಿ?"

ಸ್ಪೀಕರ್ ಹಾಕಿದ್ದೆ, ಚೈತ್ರ ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ. ಕೋಲನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಾ ಕೂತಳು. ಅದನ್ನು ನೋಡಲಾಗಲಿಲ್ಲ ನನಗೆ.

"ನಾನು ಬರೀತೀನಿ" ಎಂದಳು ಫರ್ಹಾನಾ ತಟಕ್ಕನೆ.

"ಆಗಲ್ಲಮ್ಮ" ಎಂದರು ಗಂಗಾಧರಯ್ಯ. "ಆ ಯೂನಿವರ್ಸಿಟಿಲಿ ಬರ್ಯೋರು ಪರೀಕ್ಷೆ ಕೊಡೋರಿಗಿಂತ ಕಡಿಮೆ ಓದಿರ್ಬೇಕು. ನೀವು ಇಂಜಿನಿಯರು. ನಿಮ್ಮ ಆಫೀಸಲ್ಲಿ ಎಲ್ರೂ ಇಂಜಿನಿಯರೇ ಅಲ್ವೇ?"

ಹೌದು, ಎಲ್ಲರೂ ಬಿ.ಇ., ಎಂ.ಸಿ.ಎ. ಯಾರು ಎಲ್ಲಿ ಓದಿದರು, ಎಷ್ಟು ಪರ್ಸೆಂಟ್ ಎಂಬ ಮಾತು ಊಟದ ಹೊತ್ತಿನಲ್ಲಿ ಬಂದಾಗಲೆಲ್ಲ ನಾನು ಡಬ್ಬಿ ತೊಳೆಯಲು ಎದ್ದುಹೋಗುತ್ತಿದ್ದೆ. ಯಾರೂ ಅವಮಾನ ಮಾಡಿದ್ದಿಲ್ಲ, ನನಗೇ ಏನೋ ಅಳುಕು.

"ನಂದು ಬರೀ ಪಿಯುಸಿ ಗಂಗಾಧರಯ್ಯನೋರೆ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನನ್ನ ಹೆಸರು ಹಾಕ್ಕೊಳಿ."

ನಟರಾಜ್ ಸರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಪಿಯುಸೀನಾ? ಇಷ್ಟು ವರ್ಷದಲ್ಲಿ ನಂಗೊತ್ತೇ ಇಲ್ವಲ್ರೀ."

"ನೀವು ಕೇಳ್ಲೇ ಇಲ್ಲ ಸರ್. ನಾಳೆ ಕಾಲೇಜಿಗೆ ಹೋಗಿ ಪರ್ಮಿಷನ್ ತಗೋಬೇಕು, ನಾಡಿದ್ದು ಪರೀಕ್ಷೆ. ಎರಡು ದಿನ ರಜೆ ಬೇಕು."

"ರಜೆ ಅಂತ ಯಾಕೆ ಹಾಕ್ತೀರಿ? ಡ್ಯೂಟಿ ಅಂತ ಬರ್ಕೊಳಿ" ಎಂದವರೇ ಕೆಮ್ಮುತ್ತಾ ಒಳಗೆ ಹೋದರು. ಅವರ ಬಾಯಿಂದ ಬಂದ ದೊಡ್ಡ ಹೊಗಳಿಕೆ ಅದೇ. ಚೈತ್ರ ಕೈ ಚಾಚಿ ಗಾಳಿಯಲ್ಲಿ ಹುಡುಕಿ ನನ್ನ ಸೆರಗು ಹಿಡಿದುಕೊಂಡಳು. ಬಸ್ಸು ಹತ್ತಿಸುವವರೆಗೂ ಬಿಡಲಿಲ್ಲ.

ಪರೀಕ್ಷೆಯ ದಿನ ನಾನು ಕಾಲೇಜಿನ ಹತ್ತಿರ ಬೇಗನೇ ಬಂದು ಗೇಟಿನಲ್ಲಿ ನಿಂತೆ. ಈ ಸಲ ನಿಲ್ಲುವವಳು ನಾನಾಗಲಿ ಎಂದುಕೊಂಡೆ. ಅವಳು ಬಂದಾಗ ಹೆಸರು ಹಿಡಿದು ಕೂಗಿದೆ. ಅವಳ ಮುಖ ಅರಳಿದ್ದನ್ನು ಏನೆಂದು ಹೇಳಲಿ!

ನಮ್ಮಿಬ್ಬರಿಗೂ ಬೇರೆ ಕೋಣೆ, ಒಬ್ಬರು ಮೇಲ್ವಿಚಾರಕಿ. ನಾನು ಪ್ರಶ್ನೆ ಓದಿದೆ. ಅವಳು ಉತ್ತರ ಹೇಳತೊಡಗಿದಳು. ಮನೆಮಾತು ಎಲ್ಲಿ ಹೋಯಿತೋ, ಬಾಯಿಂದ ಬರುತ್ತಿದ್ದದ್ದು ಅಚ್ಚಾದ ಪುಸ್ತಕದ ಕನ್ನಡ. ಅಲ್ಪವಿರಾಮ ಎಲ್ಲಿ ಹಾಕಬೇಕೆಂದೂ ಹೇಳುತ್ತಿದ್ದಳು. ನನ್ನ ಕೈ ಓಡುತ್ತಿತ್ತು.

ನಡುವೆ ಮೂಲಭೂತ ಹಕ್ಕುಗಳ ಮೇಲೊಂದು ಪ್ರಶ್ನೆ ಬಂತು. ಅವಳು ಗಡಿಬಿಡಿಯಲ್ಲಿ ರಾಜ್ಯ ನೀತಿಯ ನಿರ್ದೇಶಕ ತತ್ವಗಳನ್ನು ಹೇಳತೊಡಗಿದಳು. ಪಿಯುಸಿಯಲ್ಲಿ ಉರು ಹೊಡೆದದ್ದು ನನಗಿನ್ನೂ ನೆನಪಿತ್ತು. ತಪ್ಪು ಹೇಳುತ್ತಿದ್ದಾಳೆ ಎಂದು ಗೊತ್ತಾಯಿತು. ಇಷ್ಟು ವರ್ಷ ನಾನು ಮಾಡಿದ ಕೆಲಸವೇ ತಪ್ಪು ಕಂಡಲ್ಲಿ ಕೈ ಎತ್ತುವುದು. ಇಲ್ಲಿ ಕೈ ಎತ್ತುವಂತಿಲ್ಲ, ಕೆಮ್ಮುವಂತಿಲ್ಲ. ಪೆನ್ನು ನಿಲ್ಲಿಸುವಂತೆಯೂ ಇಲ್ಲ. ಯಾಕೆಂದರೆ ಅವಳು ನನ್ನ ಪೆನ್ನಿನ ಸದ್ದನ್ನೇ ಕೇಳುತ್ತಾ ಕೂತಿದ್ದಳು. ಅದು ತಡವರಿಸಿದರೆ ಅವಳಿಗೆ ತಿಳಿದುಬಿಡುತ್ತದೆ, ಆಗ ಆ ಉತ್ತರ ಪೂರ್ತಿ ಅವಳದಾಗುವುದಿಲ್ಲ. ದೇವರೇ ಎಂದುಕೊಂಡು, ಅವಳು ಹೇಳಿದ ತಪ್ಪನ್ನು ಅದೇ ವೇಗದಲ್ಲಿ ಬರೆಯುತ್ತಾ ಹೋದೆ. ನೌಕರಿಯಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ಪುಟದ ಅರ್ಧಕ್ಕೆ ಬಂದಿದ್ದೆ. ಅವಳು ತಟ್ಟನೆ ನಿಲ್ಲಿಸಿದಳು. "ತಡೀರಿ ತಡೀರಿ ಅಕ್ಕ. ಅಯ್ಯೋ ನನ್ ಮಂಡೆಗಿಷ್ಟು! ಉಲ್ಟಾ ಏಳ್ತಿದೀನಿ. ಅದನ್ನೆಲ್ಲ ಒಡ್ದಾಕಿ, ಒಸದಾಗಿ ಏಳ್ತೀನಿ."

ಅಡ್ಡಗೆರೆ ಎಳೆಯುವಾಗ ನನ್ನ ಕಣ್ಣಿಂದ ಒಂದು ಹನಿ ಹಾಳೆಯ ಮೇಲೆ ಬಿತ್ತು. ಸೆರಗಿನಿಂದ ಒತ್ತಿ ತೆಗೆದೆ. ಮೇಲ್ವಿಚಾರಕಿ ಅದನ್ನು ಕಂಡು ಕಿಟಕಿಯ ಕಡೆ ಮುಖ ತಿರುಗಿಸಿದರು.

ಅವಳು ಪಾಸಾದದ್ದು ಆಮೇಲೆ ತಿಳಿಯಿತು. ಆದರೆ ನಿವೃತ್ತಿಯಾಗಿ ಮನೆಯಲ್ಲಿ ಕೂತಾಗ ನನಗೆ ನೆನಪಾಗುವುದು ಫಲಿತಾಂಶ ಅಲ್ಲ, ಅವತ್ತು ಬೆಲ್ ಹೊಡೆದ ಮೇಲಿನ ಸ್ವಲ್ಪ ಹೊತ್ತು. ಮೇಲ್ವಿಚಾರಕಿ ಉತ್ತರ ಪತ್ರಿಕೆಗೆ ಕೈ ಚಾಚಿದರು. "ಒಂದ್ನಿಮ್ಷ ಮೇಡಂ" ಎಂದಳು ಚೈತ್ರ. ಪತ್ರಿಕೆಯನ್ನು ತನ್ನ ಕಡೆ ಎಳೆದುಕೊಂಡು ಮೊದಲ ಹಾಳೆಯ ಮೇಲೆ ಬೆರಳಿಟ್ಟಳು. ನಾನು ಕಾರ್ಬನ್ ಪ್ರತಿಗಳ ಕಾಲದಲ್ಲಿ ಪಳಗಿದವಳು, ನನ್ನ ಕೈ ಇವತ್ತಿಗೂ ಒತ್ತಿ ಬರೆಯುತ್ತದೆ. ಸಾಲುಗಳು ಹಾಳೆಯಲ್ಲಿ ತಗ್ಗು ಬಿದ್ದು ಕೈಗೆ ಸಿಗುತ್ತಿದ್ದವು. ಅವಳು ಸಾಲು ಹಿಡಿದು ಬೆರಳಾಡಿಸಿದಳು, ಪುಟ ಮಗುಚಿದಳು, ಮತ್ತೆ ಬೆರಳಾಡಿಸಿದಳು. ಮೇಲ್ವಿಚಾರಕಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಇಷ್ಟೊಂದಾ ಅಕ್ಕ?" ಎಂದಳು. "ಇಷ್ಟೊಂದ್ ನಾನೇ ಬರ್ದಿದ್ದಾ?"

"ನೀನೇ ಕಣಮ್ಮ" ಎಂದೆ. "ಹೊಡೆದಾಕಿದ್ದೂ ನೀನೇ."

ಅವಳು ಆ ಅಡ್ಡಗೆರೆಯನ್ನು ಹುಡುಕಿ ಮುಟ್ಟಿ ನಕ್ಕಳು. ಆಮೇಲೆ ಪತ್ರಿಕೆಯನ್ನು ಜೋಡಿಸಿ, ಎರಡೂ ಕೈಯಲ್ಲಿ ಎತ್ತಿ, ತಾನೇ ಕೊಟ್ಟಳು.